ಹಳದಿ ಬಕೆಟ್ಟಿಗೆ ಹೋದ ಆ ತುಂಡು: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ಮತ್ತು ಇಲಾಖೆಯ ಆಯುಕ್ತರಿಗೆ,

ನಮಸ್ಕಾರ. ನಾನು ತೆಂಗಿನ ಸೀಮೆಯ ಒಂದು ಹಳ್ಳಿಯ ಮಗಳು. ಮದುವೆಯಾಗಿ ಪಕ್ಕದ ಪೇಟೆ ಸೇರಿದ್ದೇನೆ. ಅಲ್ಲೇ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಊರಲ್ಲಿ ಅಪ್ಪ ಅಮ್ಮ ಇದ್ದಾರೆ. ಒಂದೂವರೆ ಎಕರೆ ತೋಟ, ಎರಡು ಎಕರೆ ರಾಗಿ ಹೊಲ. ಅಪ್ಪನಿಗೆ ಈಗ 64 ವರ್ಷ. ಆಯಸ್ಸಿನ ಮುಕ್ಕಾಲು ಪಾಲು ಬರಿಗಾಲಲ್ಲೇ ಓಡಾಡಿದವರು. ಚಪ್ಪಲಿ ಹಾಕಿದರೆ ತೋಟದ ಹದ ಗೊತ್ತಾಗಲ್ಲ ಅನ್ನುತ್ತಿದ್ದರು.

ಈ ಪತ್ರಕ್ಕೆ ಕಾರಣ ಒಂದು ಮಾಂಸದ ತುಂಡು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು. ಅಪ್ಪನ ಎಡಗಾಲಿನ ಹಿಮ್ಮಡಿಯಿಂದ ಅದನ್ನು ಕತ್ತರಿಸಿದರು, ಸ್ಟೀಲ್ ಟ್ರೇಯಲ್ಲಿಟ್ಟರು, ಪಟ್ಟಿ ಕಟ್ಟಿದ ಮೇಲೆ, ಪರೀಕ್ಷೆಗೆ ಕಳಿಸದೆ, ಕಸದ ಹಳದಿ ಬಕೆಟ್ಟಿಗೆ ಹಾಕಿದರು. ನಾನು ಅಲ್ಲೇ ನಿಂತು ನೋಡುತ್ತಿದ್ದೆ. ‘ಅದನ್ನ ಏನು ಮಾಡ್ತೀರಿ ಸಾರ್?’ ಅಂತ ಕೇಳಬೇಕು ಅನ್ನೋದು ನನಗೆ ಗೊತ್ತಿರಲಿಲ್ಲ. ಅದು ಕ್ಯಾನ್ಸರ್ ಇರಬಹುದು ಅನ್ನೋದೂ ಗೊತ್ತಿರಲಿಲ್ಲ.

ಮೊದಲಿಂದ ಹೇಳುತ್ತೇನೆ.

ಒಂದು ಯುಗಾದಿ ಬೆಳಗ್ಗೆ ಅಮ್ಮ ಅಪ್ಪನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಹಿಮ್ಮಡಿಯಲ್ಲಿ ಹುಣಸೆಬೀಜದಷ್ಟು ಕಪ್ಪು ಕಂಡಿತು. ‘ಇದೇನ್ರೀ ಇದು?’ ಅಂದಳು. ‘ರಾಗಿ ಕೂಳೆ ಚುಚ್ಚಿತ್ತಲ್ಲ, ರಕ್ತ ಹೆಪ್ಪುಗಟ್ಟಿರಬೇಕು’ ಅಂತ ಅಪ್ಪ ಕಾಲು ಎಳೆದುಕೊಂಡರು. ಮಾತು ಅಲ್ಲಿಗೆ ಮುಗಿಯಿತು. ನೋವಿಲ್ಲ, ತುರಿಕೆ ಇಲ್ಲ. ನೋವಿಲ್ಲದ್ದಕ್ಕೆ ನಮ್ಮ ಕಡೆ ಯಾರು ಡಾಕ್ಟರ ಹತ್ತಿರ ಹೋಗುತ್ತಾರೆ ಹೇಳಿ?

ಶ್ರಾವಣದ ಹೊತ್ತಿಗೆ ಅದು ಗಟ್ಟಿಯಾಗಿ ಉಬ್ಬಿತು. ನೋಡಿದವರೆಲ್ಲ ‘ಆಣಿ’ ಅಂದರು. ಮೆಡಿಕಲ್ ಸ್ಟೋರಿನವರು ಕಾರ್ನ್ ಕ್ಯಾಪ್ ಕೊಟ್ಟರು. ಚಿಕ್ಕಪ್ಪ ಗೇರೆಣ್ಣೆ ತಂದು ಹಚ್ಚಿದರು. ಸುಟ್ಟುಕೊಂಡಿದ್ದೊಂದೇ ಬಂತು. ದೀಪಾವಳಿ ಆದಮೇಲೆ ನಾನೇ ಹಟ ಮಾಡಿ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಆ ತುಂಡು ಬಕೆಟ್ಟಿಗೆ ಹೋಗಿದ್ದು ಅವತ್ತೇ. ‘ಆಣಿ ಬೇರು ಸಮೇತ ತೆಗೆದಿದೀನಿ, ಹತ್ತು ದಿನ ನೀರು ಸೋಕಿಸಬೇಡಿ’ ಅಂದರು.

ಎರಡು ತಿಂಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಬೆಳೆಯಿತು. ಈ ಸಲ ರಸಿಗೆ, ರಕ್ತ. ಇನ್ನೊಂದು ಆಸ್ಪತ್ರೆಗೆ ಹೋದೆವು. ಅಪ್ಪನಿಗೆ ಶುಗರ್ ಇದೆ. ಅದು ಗೊತ್ತಾಗಿದ್ದೇ ತಡ, ಆಮೇಲೆ ಯಾರೂ ಕಾಲನ್ನು ಸರಿಯಾಗಿ ನೋಡಲೇ ಇಲ್ಲ. ‘ಶುಗರ್ ಹುಣ್ಣು’ ಅಂತ ಚೀಟಿಯಲ್ಲಿ ಬರೆದರು. ದಿನ ಬಿಟ್ಟು ದಿನ ಡ್ರೆಸ್ಸಿಂಗು, ಮಾತ್ರೆ ಬದಲಾಯಿಸಿ ಬದಲಾಯಿಸಿ ಆಂಟಿಬಯೋಟಿಕ್. ಸಕ್ಕರೆ ಹತೋಟಿಗೆ ಬಂತು. ಹುಣ್ಣು ಮಾಯಲಿಲ್ಲ. ಇನ್ನೊಂದು ಯುಗಾದಿ ಬಂದು ಹೋಯಿತು. ಒಂದು ದಿನ ಅಪ್ಪ ನಾಚಿಕೊಂಡು ಅಮ್ಮನ ಹತ್ತಿರ ಹೇಳಿದರು, ತೊಡೆಸಂದಿಯಲ್ಲಿ ಒಂದು ಗಂಟಾಗಿದೆ ಅಂತ.

ಆಗ ಹೋಗಿದ್ದು ದೊಡ್ಡಾಸ್ಪತ್ರೆಯ ಚರ್ಮದ ವಿಭಾಗಕ್ಕೆ. ಅಲ್ಲಿದ್ದವರು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಇನ್ನೂ ಓದುತ್ತಿದ್ದರು ಅನ್ನಿಸುತ್ತದೆ. ಅಪ್ಪನ ಕಾಲನ್ನು ತಮ್ಮ ಮಡಿಲ ಹತ್ತಿರ ಇಟ್ಟುಕೊಂಡರು. ಹಾಗೆ ಇಟ್ಟುಕೊಂಡ ಮೊದಲ ಡಾಕ್ಟರು ಅವರು. ಲೈಟಿರುವ ಒಂದು ಸಣ್ಣ ಮಸೂರ ತೆಗೆದು ಹುಣ್ಣಿನ ಸುತ್ತಲಿನ ಕಪ್ಪನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಕೇಳಿದರು: ‘ಮೊದಲ ಸಲ ತೆಗೆದ ತುಂಡಿನ ರಿಪೋರ್ಟ್ ಎಲ್ಲಿ?’

ನಾನು ಅಮ್ಮನ ಮುಖ ನೋಡಿದೆ. ಅಮ್ಮ ನನ್ನ ಮುಖ ನೋಡಿದಳು.

ಅವರು ಆ ಮಸೂರದಲ್ಲಿ ಏನು ನೋಡಿದರು ಅಂತ ಆಮೇಲೆ ನನಗೆ ತೋರಿಸಿದರು. ಅಂಗಾಲಿನಲ್ಲಿ, ಬೆರಳಚ್ಚಿನಲ್ಲಿ ಇರುವ ಹಾಗೆ, ಗೆರೆ ಇವೆ. ಗೆರೆಯ ತಗ್ಗು ಒಂದು, ಪಕ್ಕದ ಉಬ್ಬು ಒಂದು. ಸಾಮಾನ್ಯ ಮಚ್ಚೆಯಲ್ಲಿ ಕಪ್ಪು ಬಣ್ಣ ಹೆಚ್ಚಾಗಿ ತಗ್ಗಿನಲ್ಲಿ ಕೂರುತ್ತದೆ. ಈ ಕ್ಯಾನ್ಸರಿನಲ್ಲಿ ಉಬ್ಬಿನ ಮೇಲೆ ಕೂರುತ್ತದೆ. ಮನೆಗೆ ಬಂದು ಅಪ್ಪನಿಗೆ ನಾನು ಹೊಲದ ಲೆಕ್ಕದಲ್ಲಿ ಹೇಳಿದೆ: ಕಪ್ಪು ಸಾಲಿನಲ್ಲಿದ್ದರೆ ಚಿಂತೆ ಕಮ್ಮಿ, ದಿಂಡಿನ ಮೇಲಿದ್ದರೆ ಕೆಟ್ಟದ್ದು. ಅಪ್ಪನಿಗೆ ತಟ್ಟನೆ ಅರ್ಥವಾಯಿತು. ‘ನಮ್ದು ದಿಂಡಿನ ಮೇಲಾ?’ ಅಂದರು. ಹೌದು ಅಂದೆ.

ಬಯಾಪ್ಸಿಯಲ್ಲಿ, ಅಂದರೆ ಹುಣ್ಣಿನ ಚೂರು ತೆಗೆದು ಮಾಡಿದ ಪರೀಕ್ಷೆಯಲ್ಲಿ, ಬಂದ ಹೆಸರು ಮೆಲನೋಮ. ಚರ್ಮದ ಒಂದು ಕ್ಯಾನ್ಸರ್. ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ ಬರುವ ಬಗೆ. ಡಾಕ್ಟರು ಇದಕ್ಕೆ ಏಕ್ರಲ್ ಮೆಲನೋಮ ಅನ್ನುತ್ತಾರೆ.

ಸ್ವಾಮಿ, ಚರ್ಮದ ಕ್ಯಾನ್ಸರ್ ಅಂದರೆ ಬಿಳಿಯರಿಗೆ, ಬಿಸಿಲಲ್ಲಿ ಮಲಗುವವರಿಗೆ ಬರೋ ಕಾಯಿಲೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಅರ್ಧ ನಿಜ. ನಮ್ಮಂಥ ಬಣ್ಣದವರಲ್ಲಿ ಮೆಲನೋಮ ಕಮ್ಮಿ. ಆದರೆ ಬಂದಾಗ ಬಿಸಿಲು ಬೀಳುವ ಮುಖಕ್ಕೆ, ಬೆನ್ನಿಗೆ ಬರುವುದಕ್ಕಿಂತ ಅಂಗಾಲಿಗೆ, ಉಗುರಿಗೆ ಬರೋದೇ ಜಾಸ್ತಿ. ಅದಕ್ಕೂ ಬಿಸಿಲಿಗೂ ಸಂಬಂಧವಿಲ್ಲ. ಆಟೊ ಹಿಂದೆ, ಹುಡುಗರ ಟೀ ಶರ್ಟಿನ ಮೇಲೆ ಬಾಬ್ ಮಾರ್ಲಿ ಅನ್ನೋ ಹಾಡುಗಾರನ ಚಿತ್ರ ನೋಡಿರುತ್ತೀರಿ. ಜಮೈಕಾದ ಆತನ ಕಾಲ್ಬೆರಳ ಉಗುರಿನಡಿ ಇದ್ದಿದ್ದೂ ಇದೇ. ಫುಟ್ಬಾಲ್ ಆಡುವಾಗ ಆದ ಪೆಟ್ಟು ಅಂದುಕೊಂಡಿದ್ದರು. 1977ರಲ್ಲಿ ಕಾಯಿಲೆ ಗೊತ್ತಾಯಿತು, 1981ರಲ್ಲಿ ತೀರಿಕೊಂಡರು. ಆಗ ವಯಸ್ಸು 36. ಅಲ್ಲಿ ಫುಟ್ಬಾಲಿನ ಪೆಟ್ಟು, ಇಲ್ಲಿ ರಾಗಿ ಕೂಳೆ.

ಈ ಕಾಯಿಲೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಲೆಕ್ಕ ಮಿಲಿಮೀಟರಿನದು. ಗೆಡ್ಡೆ ಚರ್ಮದೊಳಗೆ ಎಷ್ಟು ಆಳಕ್ಕೆ ಇಳಿದಿದೆ ಅಂತ ಸೂಕ್ಷ್ಮದರ್ಶಕದಲ್ಲಿ ಅಳೆಯುತ್ತಾರೆ. ಬ್ರೆಸ್ಲೋ ಅನ್ನೋ ಅಮೆರಿಕದ ಡಾಕ್ಟರು 1970ರಲ್ಲಿ ಹೇಳಿಕೊಟ್ಟ ಅಳತೆ ಅದು. ಇವತ್ತಿಗೂ ಅದೇ ನಡೆಯುತ್ತಿದೆ. ಒಂದು ಮಿಲಿಮೀಟರಿನ ಒಳಗೆ ಸಿಕ್ಕರೆ ಸುತ್ತ ಒಂದು ಸೆಂಟಿಮೀಟರ್ ಒಳ್ಳೆ ಚರ್ಮ ಸೇರಿಸಿ ತೆಗೆದರೆ ಬಹಳ ಜನರಿಗೆ ಅಷ್ಟರಲ್ಲೇ ಮುಗಿಯುತ್ತದೆ. ಎರಡು ಮಿಲಿಮೀಟರ್ ದಾಟಿದರೆ ಸುತ್ತ ಎರಡು ಸೆಂಟಿಮೀಟರ್ ತೆಗೆಯಬೇಕು, ತೊಡೆಸಂದಿಯ ಗ್ರಂಥಿಗೆ ಇಳಿದಿದೆಯಾ ಅಂತಲೂ ನೋಡಬೇಕು. ಅಪ್ಪನದು ಐದು ಮಿಲಿಮೀಟರ್ ದಾಟಿತ್ತು. ಗ್ರಂಥಿಗೂ ಇಳಿದಿತ್ತು.

ಹಾಗಾದರೆ ಆ ದೀಪಾವಳಿ ಆದಮೇಲೆ, ಕ್ಲಿನಿಕ್ಕಿನಲ್ಲಿ ಕತ್ತರಿಸಿದ ದಿನ ಎಷ್ಟಿತ್ತು? ಅರ್ಧ ಮಿಲಿಮೀಟರಾ? ಎರಡಾ? ಇದನ್ನು ಹೇಳಬಹುದಾಗಿದ್ದ ಒಂದೇ ಒಂದು ವಸ್ತು ಹಳದಿ ಬಕೆಟ್ಟಿಗೆ ಹೋಯಿತು. ರಾತ್ರಿ ನಿದ್ದೆ ಬರದಿದ್ದಾಗ ನಾನು ಈ ಲೆಕ್ಕವನ್ನೇ ಹಾಕುತ್ತಾ ಮಲಗಿರುತ್ತೇನೆ. ಲೆಕ್ಕ ಬರೆಯೋದೇ ಕೆಲಸವಾದರೂ ಇದೊಂದು ಮುಗಿಯಲ್ಲ.

ಆಮೇಲಿನದು ಓಡಾಟದ ಕಥೆ. ಜಾಸ್ತಿ ಹೇಳಲ್ಲ. ಒಂದು ಕಡೆ, ಸ್ಕ್ಯಾನ್ ಕೂಡ ಮಾಡುವ ಮುಂಚೆ, ಮಂಡಿಯ ಕೆಳಗೆ ಕಾಲನ್ನೇ ತೆಗೆಯೋಣ ಅಂದರು. ಅಪ್ಪ ಒಪ್ಪಿಬಿಟ್ಟಿದ್ದರು. ‘ಡಾಕ್ಟರು ಹೇಳಿದಮೇಲೆ ಮುಗೀತು’ ಅನ್ನುವ ತಲೆಮಾರು ಅವರದು. ನಾನು ಇನ್ನೊಬ್ಬರ ಅಭಿಪ್ರಾಯ ಬೇಕು, ಬಯಾಪ್ಸಿಯ ಸ್ಲೈಡು, ಆ ಚೂರನ್ನು ಕೂರಿಸಿಟ್ಟ ಮೇಣದ ಬ್ಲಾಕು ಕೊಡಿ ಅಂದೆ. ‘ನೀವೇನು ಡಾಕ್ಟರಾ?’ ಅಂದರು. ಅಲ್ಲ, ಮಗಳು ಅಂದೆ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯಕೀಯ ಪರಿಷತ್ತಿನ 2002ರ ನಿಯಮದಲ್ಲೇ ಇದೆ. ಅದನ್ನು ಮೊಬೈಲಿನಲ್ಲಿ ಹುಡುಕಿ, ಪ್ರಿಂಟ್ ತೆಗೆಸಿ, ಕೌಂಟರಿನ ಮೇಲೆ ಇಟ್ಟ ಮೇಲೆ ಬ್ಲಾಕು ಸಿಕ್ಕಿತು. ಪ್ರಿಂಟಿಗೆ ಐದು ರೂಪಾಯಿ. ನಾನು ಮಾಡಿದ ಒಳ್ಳೆಯ ಖರ್ಚು ಅದು.

ಬೆಂಗಳೂರಿನಲ್ಲಿ ಎರಡನೇ ಅಭಿಪ್ರಾಯ ಸಿಕ್ಕಿತು. ಕಾಲು ಉಳಿಸಬಹುದು ಅಂದರು. ಹಿಮ್ಮಡಿಯ ಚರ್ಮ ಅಗಲವಾಗಿ ತೆಗೆದು ತೊಡೆಯ ಚರ್ಮ ಕೂರಿಸಿದರು, ತೊಡೆಸಂದಿಯ ಗ್ರಂಥಿಗಳನ್ನು ತೆಗೆದರು. ಅದಕ್ಕೂ ಮುಂಚೆ ಆಯುಷ್ಮಾನ್ ಕಾರ್ಡಿನ ಕೆಲಸಕ್ಕೆ ಹನ್ನೊಂದು ದಿನ ಹೋಯಿತು. ಅಪ್ಪನ ಹೆಬ್ಬೆಟ್ಟನ್ನು ಮಿಷನ್ನು ಒಪ್ಪಲೇ ಇಲ್ಲ. ನಲವತ್ತು ವರ್ಷ ಕಾಯಿ ಸುಲಿದ ಕೈಯಲ್ಲಿ ಗೆರೆ ಎಲ್ಲಿ ಉಳಿದಿರುತ್ತೆ? ಕಾಲಿನ ಗೆರೆ ಓದುವುದಕ್ಕೆ ಮಸೂರ ಇರಲಿಲ್ಲ, ಕೈಯಲ್ಲಿ ಗೆರೆಯೇ ಇರಲಿಲ್ಲ. ಕೌಂಟರಿನಲ್ಲಿ ಒಬ್ಬರು ಸಮಾಧಾನ ಹೇಳಿದರು: ‘ಚರ್ಮದ ಕಾಯಿಲೆ ಅಲ್ವಾ ಅಮ್ಮ, ಅಂಥಾ ಅರ್ಜೆಂಟೇನಿಲ್ಲ.’ ಅವರಿಗೆ ನನ್ನ ಮೇಲೆ ಕರುಣೆ ಇತ್ತು. ಕಾಯಿಲೆ ಬಗ್ಗೆ ಗೊತ್ತಿರಲಿಲ್ಲ, ಅಷ್ಟೆ. ಬಸ್ಸಿನಲ್ಲಿ ನನಗೂ ಅಮ್ಮನಿಗೂ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್, ಕಾಯಿಲೆಯವರಿಗೆ ದುಡ್ಡಿನ ಟಿಕೆಟ್. ಅಪ್ಪ ಅದನ್ನು ಹೇಳಿಕೊಂಡು ದಾರಿಯುದ್ದಕ್ಕೂ ನಕ್ಕರು. ಆ ತಿಂಗಳಲ್ಲಿ ನಾವು ನಕ್ಕಿದ್ದು ಅದೊಂದೇ ಸಲ ಇರಬೇಕು.

ಈಗ ಹೊಸ ಇಂಜೆಕ್ಷನ್ನುಗಳ ಮಾತು. ದೇಹದ ರೋಗನಿರೋಧಕ ಶಕ್ತಿಯ ಬ್ರೇಕ್ ಬಿಡಿಸಿ, ಅದು ತಾನೇ ಕ್ಯಾನ್ಸರನ್ನು ಹಿಡಿಯುವಂತೆ ಮಾಡುವ ಔಷಧಗಳು. ಈ ದಾರಿ ತೋರಿಸಿದ ಇಬ್ಬರಿಗೆ 2018ರಲ್ಲಿ ನೊಬೆಲ್ ಬಂತು. ನಮಗೂ ಹೇಳಿದರು: ಮೂರು ವಾರಕ್ಕೊಂದರಂತೆ ಒಂದು ವರ್ಷ, ಅಂದರೆ 17-18 ಸಲ. ಒಂದೊಂದು ಸಲದ ಬೆಲೆ ಲಕ್ಷಗಳಲ್ಲಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಇರುವ ಮಿತಿ ವರ್ಷಕ್ಕೆ 5 ಲಕ್ಷ. ಉಳಿದ ಲೆಕ್ಕ ನೀವೇ ಹಾಕಿ. ತೋಟ ಮಾರೋಣ ಅಂದೆ. ಆ ಡಾಕ್ಟರು ಪುಣ್ಯಾತ್ಮರು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು: ಬಿಸಿಲಿನಿಂದ ಬರುವ ಮೆಲನೋಮಕ್ಕೆ ಈ ಔಷಧ ಕೆಲಸ ಮಾಡುವಷ್ಟು ಚೆನ್ನಾಗಿ ಅಂಗಾಲಿನದಕ್ಕೆ ಮಾಡುವುದಿಲ್ಲ. ಮಾಡಲೂಬಹುದು, ಖಾತ್ರಿ ಕಮ್ಮಿ. ಅಪ್ಪ ತೋಟ ಮಾರಲು ಬಿಡಲಿಲ್ಲ. ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸುತ್ತಾ ಇದ್ದೇವೆ.

ಆ ಔಷಧದ ಬೆಲೆ ಇಳಿಯಬೇಕು. ಅದು ಸರ್ಕಾರದಿಂದ ಆಗದ ಕೆಲಸವೇನೂ ಅಲ್ಲ. ಮುಂಬೈನ ಟಾಟಾ ಮೆಮೋರಿಯಲ್ ಮುಂದೆ ನಿಂತು ನಡೆಸುವ ನ್ಯಾಷನಲ್ ಕ್ಯಾನ್ಸರ್ ಗ್ರಿಡ್, ಆಸ್ಪತ್ರೆಗಳನ್ನೆಲ್ಲ ಸೇರಿಸಿ ಕ್ಯಾನ್ಸರ್ ಔಷಧ ಒಟ್ಟಿಗೆ ಕೊಂಡು ಬೆಲೆ ಇಳಿಸಿ ತೋರಿಸಿದೆ. ಆದರೆ ನಾನು ಇವತ್ತು ಮೊದಲು ಕೇಳುತ್ತಿರುವುದು ಲಕ್ಷದ ಇಂಜೆಕ್ಷನ್ ಅಲ್ಲ. ಒಂದು ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ತುಂಡು ಕೆಡದಂತೆ ಇಡುವ ದ್ರವ, ಸ್ವಲ್ಪ ಫಾರ್ಮಲಿನ್.

ಮನುಷ್ಯನ ಮೈಯಿಂದ ಕತ್ತರಿಸಿದ ಆಣಿ, ಮಚ್ಚೆ, ಗಂಟು, ಮಾಯದ ಹುಣ್ಣಿನ ಅಂಚು, ಯಾವುದೇ ಇರಲಿ, ಪರೀಕ್ಷೆಗೆ ಹೋಗದೆ ಬಕೆಟ್ಟಿಗೆ ಹೋಗಬಾರದು. ತಾಲ್ಲೂಕು ಆಸ್ಪತ್ರೆ ಇರಲಿ, ಖಾಸಗಿ ಕ್ಲಿನಿಕ್ ಇರಲಿ. ಇದಕ್ಕೊಂದು ಸುತ್ತೋಲೆ ಹೊರಡಿಸಿ. ಅಂಗಾಂಶದ ಕಸ ಹಳದಿ ಚೀಲಕ್ಕೇ ಹೋಗಬೇಕು ಅಂತ 2016ರ ವೈದ್ಯಕೀಯ ತ್ಯಾಜ್ಯ ನಿಯಮ ಹೇಳುತ್ತದೆ. ಕ್ಲಿನಿಕ್ಕಿನವರು ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಚೀಲದ ಬಣ್ಣಕ್ಕೆ ಇಷ್ಟು ಕಟ್ಟುನಿಟ್ಟು ಮಾಡಿಸಿದ ಸರ್ಕಾರಕ್ಕೆ, ಚೀಲಕ್ಕೆ ಹಾಕುವ ಮುಂಚೆ ಒಂದು ಹೆಜ್ಜೆ ಸೇರಿಸುವುದು ಕಷ್ಟವಾ?

ತಾಲ್ಲೂಕಿನಲ್ಲಿ ಪೆಥಾಲಜಿಸ್ಟ್, ಅಂದರೆ ಇಂಥ ತುಂಡು ಪರೀಕ್ಷೆ ಮಾಡುವ ಡಾಕ್ಟರು, ಇಲ್ಲ ಅನ್ನುತ್ತೀರಿ. ಗೊತ್ತು. ಅವರು ತಾಲ್ಲೂಕಿಗೆ ಬರಬೇಕಾಗಿಯೂ ಇಲ್ಲ. ತುಂಡಿನ ಹತ್ತು ಪಟ್ಟು ಫಾರ್ಮಲಿನ್ನಿನಲ್ಲಿ ಮುಳುಗಿಸಿಟ್ಟರೆ ಅದು ಕೆಡದೆ ಪ್ರಯಾಣ ಮಾಡುತ್ತದೆ. ಐಸ್ ಪೆಟ್ಟಿಗೆ ಕೂಡ ಬೇಡ. ಟಿಬಿ ಇದೆಯಾ ನೋಡಲು ಕಫದ ಡಬ್ಬಿ ಹಳ್ಳಿಯಿಂದ ಲ್ಯಾಬಿಗೆ ಹೋಗುತ್ತದೆ ಅಲ್ವಾ, ಅದರ ಪಕ್ಕದಲ್ಲೇ ಇದೂ ಹೋಗಲಿ. ನಮ್ಮ ಕಡೆಯ ಕೊಬ್ಬರಿ ಮೂಟೆ ದೆಹಲಿ ದಾಟಿ ಹೋಗುತ್ತದೆ. ಬೆರಳುಗಾತ್ರದ ಡಬ್ಬಿ ಜಿಲ್ಲೆಯ ಮೆಡಿಕಲ್ ಕಾಲೇಜಿಗೆ ಹೋಗಲಾರದಾ? ರಿಪೋರ್ಟ್ ಬಂದ ದಿನ ರೋಗಿಯ ಫೋನಿಗೆ ಒಂದು ಕರೆ ಹೋಗಬೇಕು, ಅದೂ ಕನ್ನಡದಲ್ಲಿ. ಮೆಸೇಜು ಸಾಲದು. ಅಪ್ಪನ ಫೋನಿನಲ್ಲಿ ಓದದ ಮೆಸೇಜು ಸಾವಿರಗಟ್ಟಲೆ ಇವೆ.

ಇನ್ನೊಂದು ಕೋರಿಕೆ ಆಶಾ ಅಕ್ಕಂದಿರ ಬಗ್ಗೆ. ಅವರಿಗೆ ಕೆಲಸ ಈಗಲೇ ಜಾಸ್ತಿ, ಸಂಬಳ ಕಮ್ಮಿ. ಹೊಸ ಸಮೀಕ್ಷೆ ಹೇರಿ ಅಂತ ನಾನು ಹೇಳಲ್ಲ. ಆದರೆ ಕುಷ್ಠ ಪತ್ತೆ ಅಭಿಯಾನದಲ್ಲಿ ಅವರು ಮನೆಮನೆಗೆ ಬಂದು ಚರ್ಮ ನೋಡಿಯೇ ನೋಡುತ್ತಾರೆ. ತಿಳಿ ಬಣ್ಣದ ಮಚ್ಚೆ ಇದೆಯಾ, ಮುಟ್ಟಿದರೆ ಗೊತ್ತಾಗುತ್ತಾ ಅಂತ ಕೇಳುತ್ತಾರೆ. ನಮ್ಮ ಮನೆಗೂ ಬಂದಿದ್ದರು, ಅಪ್ಪನ ಬೆನ್ನು, ಕೈ ನೋಡಿ ಹೋಗಿದ್ದರು. ಕಾಲು ಮಡಚಿ ಕೂತಿದ್ದ ಅಪ್ಪನ ಹಿಮ್ಮಡಿ ನೆಲಕ್ಕೆ ಅಂಟಿಕೊಂಡಿತ್ತು. ಆ ತರಬೇತಿಯಲ್ಲಿ ಒಂದು ಮಾತು ಸೇರಿಸಿ: ಅಂಗಾಲು ಮೇಲೆತ್ತಿ ತೋರಿಸಿ ಅನ್ನಿ. ಹೊಸದಾಗಿ ಬಂದ ಕಪ್ಪು ಮಚ್ಚೆ, ದೊಡ್ಡದಾಗುತ್ತಿರುವ ಮಚ್ಚೆ, ಎರಡು ತಿಂಗಳಾದರೂ ಮಾಯದ ಹುಣ್ಣು, ಉಗುರಿನುದ್ದಕ್ಕೂ ಅಗಲವಾಗುತ್ತಿರುವ ಕಪ್ಪು ಪಟ್ಟೆ ಇದೆಯಾ ನೋಡಲಿ. ಆ ಕಪ್ಪು ಉಗುರಿನ ಬುಡದ ಚರ್ಮಕ್ಕೂ ಹರಡಿದ್ದರೆ ಇನ್ನೂ ಮುಖ್ಯ. ಗೃಹ ಆರೋಗ್ಯ ಯೋಜನೆಯಲ್ಲಿ ಮನೆಗೆ ಬಂದು ಬಿಪಿ, ಶುಗರ್ ನೋಡುತ್ತಾರೆ. ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಬಗ್ಗೆಯೂ ಕೇಳುತ್ತಾರೆ. ಶುಗರ್ ಇದ್ದವರ ಕಾಲನ್ನು ಹೇಗೂ ನೋಡಬೇಕಲ್ಲ. ಆಗ ‘ಶುಗರ್ ಹುಣ್ಣು’ ಅಂತ ಬರೆಯುವ ಮುಂಚೆ, ಅದರ ಅಂಚು ಕಪ್ಪಗಿದೆಯಾ ಅಂತ ಒಂದು ಸಲ ನೋಡಲಿ.

ನಮ್ಮ ರಾಜ್ಯದಲ್ಲಿ ಅಂಗೈ ಅಂಗಾಲು ನೋಡಬೇಕಾದ ಇನ್ನೊಂದು ಊರೂ ಇದೆ. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾ. ಹತ್ತಿರದಲ್ಲೇ ಹಳೆಯ ಚಿನ್ನದ ಗಣಿ. ಬೋರ್‌ವೆಲ್ ನೀರಿನಲ್ಲಿ ಆರ್ಸೆನಿಕ್ ಅನ್ನೋ ವಿಷ. ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು ಅನ್ನುವ ಮಿತಿಯನ್ನು ಎಷ್ಟೋ ಮೀರಿದ ನೀರನ್ನು ಅಲ್ಲಿಯವರು ವರ್ಷಗಟ್ಟಲೆ ಕುಡಿದರು. ಆರ್ಸೆನಿಕ್ ಮೈಗೆ ಸೇರಿದರೆ ಅಂಗೈ ಅಂಗಾಲಿನಲ್ಲಿ ಕಾಳಿನಂಥ ಗಟ್ಟಿ ಗಂಟು ಏಳುತ್ತವೆ. ನೋಡಿದರೆ ಥೇಟ್ ಆಣಿ. ಕೆಲವು ಮುಂದೆ ಚರ್ಮದ ಕ್ಯಾನ್ಸರ್ ಆಗುತ್ತವೆ. ಅಲ್ಲಿ ಯಾರಾದರೂ ಬ್ಲೇಡಿನಲ್ಲಿ ಕೆತ್ತಿ, ಕಾರ್ನ್ ಕ್ಯಾಪ್ ಅಂಟಿಸಿ ಕಳಿಸಿದ್ದರೆ ನನಗೇನೂ ಆಶ್ಚರ್ಯ ಇಲ್ಲ. ಹಳೆಯ ಸುಟ್ಟಗಾಯದ ಕಲೆಯ ಮೇಲೆ ವರ್ಷಗಳ ನಂತರ ಏಳುವ ಹುಣ್ಣೂ ಕ್ಯಾನ್ಸರ್ ಆಗಬಹುದು. ಒಲೆ, ಸೀಮೆಎಣ್ಣೆ ಸ್ಟವ್ವಿನ ಕಾಲದಲ್ಲಿ ಸುಟ್ಟುಕೊಂಡ ಎಷ್ಟು ಜನ ಹೆಂಗಸರು ನಮ್ಮಲ್ಲಿದ್ದಾರೆ ಅಂತ ನಿಮಗೆ ಗೊತ್ತೇ ಇದೆ.

ಒಂದು ಮಾತು ಸ್ಪಷ್ಟಪಡಿಸಿಬಿಡುತ್ತೇನೆ. ಬಹುಪಾಲು ಆಣಿಗಳು ಬರೀ ಆಣಿಗಳೇ. ಇದನ್ನು ಓದಿ ಯಾರೂ ಹೆದರಿ ರಾತ್ರಿಯೆಲ್ಲ ಅಂಗಾಲು ನೋಡಿಕೊಂಡು ಕೂರಬೇಡಿ. ನನ್ನ ಅತ್ತೆ ಹಾಗೇ ಮಾಡಿ, ಮೆಹಂದಿ ಕಲೆ ಹಿಡಿದುಕೊಂಡು ಆಸ್ಪತ್ರೆಗೆ ಓಡಿದ್ದರು. ಹೆದರಿಸೋದು ನನ್ನ ಉದ್ದೇಶವಲ್ಲ. ಯಾವುದು ಆಣಿ, ಯಾವುದು ಅಲ್ಲ ಅಂತ ಕಣ್ಣಲ್ಲೇ ಹೇಳಲಾಗದಿದ್ದಾಗ ಡಬ್ಬಿ ಹೇಳಲಿ ಅಂತಷ್ಟೇ ನನ್ನ ಮಾತು.

ಕರ್ನಾಟಕದಲ್ಲಿ ‘ಕಿದ್ವಾಯಿಗೆ ಹೋದರಂತೆ’ ಅಂದರೆ ಸಾಕು, ಬೇರೇನೂ ಹೇಳಬೇಕಾಗಿಲ್ಲ. ಊರಿನವರ ದನಿ ಇಳಿದುಹೋಗುತ್ತದೆ. ಅಷ್ಟು ದೊಡ್ಡ ಸಂಸ್ಥೆ ನಮ್ಮಲ್ಲಿದೆ, ಒಳ್ಳೆಯ ಡಾಕ್ಟರಿದ್ದಾರೆ. ಆದರೆ ಅಲ್ಲಿಗೆ ಹೋಗುವ ಕಾಯಿಲೆ ಹುಟ್ಟುವುದು ನಮ್ಮ ಜಗಲಿಯ ಮೇಲೆ. ಅಲ್ಲಿಂದ ಬೆಂಗಳೂರಿನ ತನಕದ ದಾರಿಯಲ್ಲಿ ಅಪ್ಪ ಹದಿನಾಲ್ಕು ತಿಂಗಳು ಕಳೆದುಹೋಗಿದ್ದರು. ಮೂವರು ಡಾಕ್ಟರು, ಒಬ್ಬರು ಕಾಂಪೌಂಡರ್, ಒಬ್ಬರು ಮೆಡಿಕಲ್ ಸ್ಟೋರಿನವರು ಆ ಕಾಲನ್ನು ನೋಡಿದ್ದರು. ಯಾರೂ ಕೆಟ್ಟವರಲ್ಲ. ಯಾರಿಗೂ ಅನುಮಾನ ಬರಲಿಲ್ಲ. ಅನುಮಾನ ಬಾರದವರಿಗೂ ಕೆಲಸ ತಪ್ಪದ ಹಾಗೆ ಒಂದು ನಿಯಮ ಬೇಕು.

ಅಪ್ಪನ ಕಾಲು ಈಗ ಊದಿಕೊಂಡಿರುತ್ತದೆ. ಗ್ರಂಥಿ ತೆಗೆದಮೇಲೆ ಹಾಗಾಗುತ್ತಂತೆ. ಗೊತ್ತಿಲ್ಲದವರು ಆನೆಕಾಲು ಅನ್ನುತ್ತಾರೆ. ದಿನಾ ಬೆಳಗ್ಗೆ ಅಮ್ಮ ಬಿಗಿ ಪಟ್ಟಿ ಸುತ್ತುತ್ತಾಳೆ. ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ ಕೊಟ್ಟಿದ್ದಾರೆ. ಅದನ್ನು ಹಾಕಿಕೊಂಡೇ ತೋಟಕ್ಕೆ ಹೋಗುತ್ತಾರೆ, ಮರದ ಬುಡಕ್ಕೆ ಹೋದಾಗ ಮಾತ್ರ ಬಲಗಾಲಿನದನ್ನು ಬಿಚ್ಚಿ ಹದ ನೋಡುತ್ತಾರೆ.

ಈ ಪತ್ರ ಬರೆಯುತ್ತಿದ್ದಾಗ ಜಗಲಿಯಲ್ಲಿ ಕೂತಿದ್ದರು. ‘ಏನು ಬರೀತಿದೀಯವ್ವಾ?’ ಅಂದರು. ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ‘ಆ ಕ್ಲಿನಿಕ್ಕಿನ ಡಾಕ್ಟರ ಹೆಸರು ಹಾಕಬೇಡ. ಪಾಪ, ಆರುನೂರು ಕೇಳಿ ಐನೂರು ತಗೊಂಡಿದ್ರು’ ಅಂದರು. ಹಾಕಿಲ್ಲ. ‘ಆದ್ರೆ ಡಬ್ಬಿ ವಿಷ್ಯ ಎರಡು ಸಲ ಬರಿ’ ಅಂದರು.

ಹಾಗಾಗಿ ಎರಡನೇ ಸಲ: ಒಂದು ಡಬ್ಬಿ, ಸ್ವಲ್ಪ ಫಾರ್ಮಲಿನ್, ಎಲ್ಲ ತಾಲ್ಲೂಕು ಆಸ್ಪತ್ರೆಗೂ, ಎಲ್ಲ ಕ್ಲಿನಿಕ್ಕಿಗೂ.

ನಮ್ಮ ಮುಂದಿನ ಸ್ಕ್ಯಾನ್ ಶ್ರಾವಣದಲ್ಲಿದೆ. ಅಷ್ಟರೊಳಗೆ ಸುತ್ತೋಲೆ ಹೊರಟರೆ ಅಪ್ಪನಿಗೆ ನಾನೇ ಓದಿ ಹೇಳುತ್ತೇನೆ.

ಇಂತಿ ನಮಸ್ಕಾರಗಳು,
ರೋಗಿಯೊಬ್ಬರ ಮಗಳು